ಟೇಪಕ್ಕನ ಎರಡನೇ ಪಾತಿ

“ಅದನ್ನ ಕೆಳಗಿಡಿ ಅಂದೆನಲ್ಲ, ಟೇಲರಮ್ಮ.”

“ಯಾಕೆ? ಚೆನ್ನಾಗೇ ಇದೆಯಲ್ಲ.”

“ಚೆನ್ನಾಗಿದೆ, ಅದಕ್ಕೇ ಬೇಡ ಅಂತಿರೋದು. ಮೈತುಂಬ ಹೂ ಹೊತ್ಕೊಂಡಿರೋ ಸಸಿ ಅದು. ನಿಮ್ಮ ಮಣ್ಣಿಗೆ ಹೋದ್ಮೇಲೆ ಬೇರು ಬಿಡುತ್ತೋ, ಹೂ ಸಾಕುತ್ತೋ? ಎರಡೂ ಆಗಲ್ಲ ಅದರ ಕೈಲಿ. ಹಸಿರಾಗಿರೋದು ತಗೊಳ್ಳಿ, ಮೊಗ್ಗಿದ್ರೆ ಸಾಕು.”

“ಹಸಿರು ಇಟ್ಕೊಂಡು ಏನ್ ಮಾಡ್ಲಿ? ನನಗೆ ಹೂ ಬೇಕು. ಇವತ್ತೇ ಬೇಕು.”

“ಇವತ್ತೇ ಬೇಕಂದ್ರೆ ಹೂವಿನ ಅಂಗಡಿಗೆ ಹೋಗಿ. ಕಟ್ಟಿ ಕೊಡ್ತಾರೆ.”

ನರ್ಸರಿ ನಡೆಸುವ ಈ ಹೆಂಗಸನ್ನು ಎಲ್ಲರೂ ಸಸಿಯಮ್ಮ ಅನ್ನುತ್ತಾರೆ. ಹಸಿರು ನೆರಳುಬಲೆಯ ಕೆಳಗೆ ಬಕೆಟ್ಟು ಬೋರಲು ಹಾಕಿಕೊಂಡು ಕೂತು, ಉಗುರಿನ ತುಂಬ ಮಣ್ಣು ಮಾಡಿಕೊಂಡು, ಬಂದವರಿಗೆ ಗಿಡಕ್ಕಿಂತ ಬೈಗುಳವನ್ನೇ ಜಾಸ್ತಿ ಕೊಟ್ಟು ಕಳಿಸುವುದು ಅವಳ ವಾಡಿಕೆ. ಎದುರಿಗೆ ನಿಂತವಳು, ನೇರಳೆ ಪೆಟೂನಿಯ ತುಂಬಿದ ಟ್ರೇಯನ್ನು ಎದೆಗೆ ಅವುಚಿಕೊಂಡು ಕೆಳಗಿಡಲು ಸುತಾರಾಂ ಒಪ್ಪದವಳು, ಟೇಪಕ್ಕ.

ಕೊರಳಲ್ಲಿ ಹಳದಿ ಟೇಪಿಲ್ಲದೆ ಅವಳನ್ನು ಕಂಡವರು ಬೀದಿಯಲ್ಲಿ ಒಬ್ಬರೂ ಇಲ್ಲ, ಹಾಗಾಗಿ ಆ ಹೆಸರು. ಹದಿನೈದನೇ ವಯಸ್ಸಿಗೆ ಚಿಕ್ಕಮ್ಮನ ಹಿತ್ತಲ ಕೋಣೆಯಲ್ಲಿ ಕಾಜಾ ಹೊಲಿಯಲು ಕೂತವಳು, ಈಗ ಐವತ್ಮೂರು, ಇನ್ನೂ ಎದ್ದಿಲ್ಲ ಅಂತ ತನ್ನನ್ನು ತಾನೇ ತಮಾಷೆ ಮಾಡಿಕೊಳ್ಳುತ್ತಾಳೆ. ಮೆಟ್ಟಿಲ ಕೆಳಗಿನ ಅಂಗಡಿ, ತಲೆ ಬಗ್ಗಿಸದೆ ಒಳಗೆ ಹೋಗುವಂತಿಲ್ಲ. ಶಾಲೆಯ ಸಮವಸ್ತ್ರ, ನರ್ಸುಗಳ ಕೋಟು, ಕಿಟಕಿಯ ಪರದೆ, ಕಿತ್ತುಹೋದ ಜಿಪ್ಪು, ಏನು ಬಂದರೂ ಸೈ. ರಸ್ತೆಯಲ್ಲಿ ಹೋಗುವವನನ್ನು ಒಂದು ಸಲ ನೋಡಿ, ಎಡಗಡೆ ಭುಜ ಅರ್ಧ ಇಂಚು ಇಳಿದಿದೆ ಅಂತ ಹೇಳಿಬಿಡುವ ಕಣ್ಣು. ಆದರೆ ಅವಳದು ಒಂದು ಹಟ: ಕಚ್ಚಾ ಹೊಲಿಗೆ ಇರುವ ಬಟ್ಟೆಯನ್ನು ಗಿರಾಕಿಯ ಕಣ್ಣಿಗೆ ಬೀಳಲು ಬಿಡುವುದಿಲ್ಲ. ಗುಂಡಿ ಕೂತು, ನೂಲಿನ ತುದಿ ಕತ್ತರಿಸಿ, ಇಸ್ತ್ರಿ ಆದ ಮೇಲೆಯೇ ಹೊರಗೆ ತೆಗೆಯುವುದು. ಅರೆಬರೆ ಕೆಲಸ ತೋರಿಸುವುದೆಂದರೆ ಅವಳಿಗೆ ಜೀವ ಹೋದಷ್ಟು ನಾಚಿಕೆ.

“ಹೋದ್ಸಲ ಮೂವತ್ತು ಸಸಿ ಕೊಟ್ಟಿದ್ದೆ,” ಅಂದಳು ಸಸಿಯಮ್ಮ. “ಏನಾದ್ವು?”

“ಹೋದ್ವು.”

“ಎಲ್ಲಾನೂ?”

“ಬುಡದಲ್ಲಿ ಕೊಳೆತು ಮಲಗಿಬಿಟ್ವು. ದಿನಕ್ಕೆ ಮೂರು ಸಲ ನೀರು ಹಾಕಿದ್ದೆ.”

“ಮೂರು ಸಲ. ಗಿಡ ಬೆಳೆಸಿದ್ರೋ, ಈಜು ಕಲಿಸಿದ್ರೋ? ಎಷ್ಟು ದೂರ ದೂರ ನೆಟ್ಟಿದ್ರಿ?”

ಟೇಪಕ್ಕ ಎರಡು ಬೆರಳು ಜೋಡಿಸಿ ತೋರಿಸಿದಳು. ಮಧ್ಯೆ ಮಧ್ಯೆ ಮಣ್ಣು ಕಂಡರೆ ಹೊಲಿಗೆ ಬಿಟ್ಟ ಹಾಗೆ ಕಾಣುತ್ತದೆ ಅಂತ ಒತ್ತೊತ್ತಾಗಿ, ಟೇಪು ಹಿಡಿದು, ಅಂಗಿಯ ಗುಂಡಿಗಿಂತ ಅಚ್ಚುಕಟ್ಟಾಗಿ ನೆಟ್ಟಿದ್ದಳು. ಗಾಳಿಯೂ ನುಗ್ಗುವಂತಿರಲಿಲ್ಲ.

“ನೀವು ಬಟ್ಟೆ ಹೊಲಿಯೋವಾಗ ಮಾರ್ಜಿನ್ ಬಿಡಲ್ವಾ?”

“ಬಿಡ್ತೀವಿ. ಒಳಗಡೆ. ಕಾಣೋ ಕಡೆ ಅಲ್ಲ.”

ಸಸಿಯಮ್ಮ ಬಿದ್ದು ಬಿದ್ದು ನಕ್ಕಳು. ಟೇಪಕ್ಕ ನಗಲಿಲ್ಲ. ಅವಳು ಟ್ರೇಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡದ್ದನ್ನು ನೋಡಿ ಸಸಿಯಮ್ಮನ ನಗು ಅರ್ಧಕ್ಕೆ ನಿಂತಿತು.

“ಯಾರಿಗಮ್ಮ ಇಷ್ಟು ಅವಸರ?”

“ನನ್ನ ತಂಗಿಗೆ.”

ಆ ತಂಗಿ ಟೇಪಕ್ಕನಿಗಿಂತ ಹತ್ತು ವರ್ಷ ಚಿಕ್ಕವಳು. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಇರುವುದು ಇವರಿಬ್ಬರೇ. ಹತ್ತೊಂಬತ್ತು ವರ್ಷ ರೈಲು ನಿಲ್ದಾಣದಲ್ಲಿ, ಯಾವ ಗಾಡಿ ಎಷ್ಟು ಹೊತ್ತಿಗೆ ಯಾವ ಪ್ಲಾಟ್‌ಫಾರ್ಮಿಗೆ ಅಂತ ಮೈಕಿನಲ್ಲಿ ಹೇಳುತ್ತಿದ್ದವಳು ಅವಳು. ಗಾಡಿ ಎರಡು ತಾಸು ತಡ ಅಂತ ಅವಳು ಹೇಳಿದರೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ, ಅಂಥ ದನಿ. ನಾಲ್ಕು ತಿಂಗಳ ಹಿಂದೆ ಗಂಟಲಿನ ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಮಾತ್ರ ಮರದ ಮೇಲೆ ಉಪ್ಪುಕಾಗದ ತಿಕ್ಕಿದ ಹಾಗಾಯಿತು. ದಿನಾ ಮಾತಾಡಿಸಿ, ಬಳಸದೆ ಬಿಟ್ಟರೆ ಉಳಿದದ್ದೂ ಹೋಗುತ್ತೆ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ತಂಗಿಗೆ ತನ್ನ ದನಿಯನ್ನು ತಾನೇ ಕೇಳಲು ಆಗಲಿಲ್ಲ. ಚೀಟಿ ಬರೆಯತೊಡಗಿದಳು. ‘ನೀರು.’ ‘ದೀಪ ಆರಿಸು.’ ‘ಬೇಡ.’ ಕೊನೆಕೊನೆಗೆ ಬೇಡ ಅನ್ನುವ ಹಳೇ ಚೀಟಿಯನ್ನೇ ಮತ್ತೆ ಮತ್ತೆ ಎತ್ತಿ ತೋರಿಸುತ್ತಿದ್ದಳು.

ಹಾಗಿದ್ದವಳು ಒಂದು ದಿನ ಕಿಟಕಿಯ ಹತ್ತಿರ ನಿಂತು, ಗೋಡೆಗೂ ಕಾಂಪೌಂಡಿಗೂ ನಡುವಿನ ಬೋಳು ಮಣ್ಣು ನೋಡುತ್ತ, ತಾನಾಗಿ ಬಾಯಿ ಬಿಟ್ಟಳು: “ಅಲ್ಲಿ ಒಂದಿಷ್ಟು ಹೂ ಇದ್ದಿದ್ರೆ ನೋಡ್ಬಹುದಿತ್ತು.” ಟೇಪಕ್ಕ ಮಿಷನ್ನು ಅಲ್ಲಿಗೇ ನಿಲ್ಲಿಸಿ, ಸೂಜಿಯಡಿ ತೋಳು ಸಿಕ್ಕಿಸಿದ್ದ ಕೋಟನ್ನು ಹಾಗೇ ಬಿಟ್ಟು, ಚಪ್ಪಲಿ ಅದಲುಬದಲು ಹಾಕಿಕೊಂಡು ನರ್ಸರಿಗೆ ಓಡಿದ್ದಳು. ಜನ್ಮದಲ್ಲಿ ಒಂದು ಗಿಡ ನೆಟ್ಟವಳಲ್ಲ. ಆ ಮೂವತ್ತು ಸಸಿ ಅಂದು ತಂದದ್ದು.

“ಸತ್ತುಹೋದ್ರೆ ಇನ್ನೊಂದು ನೆಟ್ಟರಾಯ್ತು, ಅದಕ್ಯಾಕೆ ಅಳೋ ಮುಖ?” ಅಂದಳು ಸಸಿಯಮ್ಮ.

“ಸತ್ತಿದ್ದನ್ನ ನಾನು ತೋರಿಸ್ಲಿಲ್ಲ.”

“ಅಂದ್ರೆ?”

ಟೇಪಕ್ಕ ನೆಲ ನೋಡಿಕೊಂಡು ಹೇಳಿದಳು. ಸಸಿ ಒಂದೊಂದೇ ಮಲಗುತ್ತಿದ್ದ ಹಾಗೆ, ಮಧ್ಯಾಹ್ನ ತಂಗಿ ನಿದ್ದೆ ಹೋದಾಗ ಅದನ್ನು ಕಿತ್ತು, ಆ ಜಾಗಕ್ಕೆ ಚೂರು ಬಟ್ಟೆಯಲ್ಲಿ ಹೊಲಿದ ಹೂವನ್ನು ತಂತಿಗೆ ಸುತ್ತಿ ಚುಚ್ಚಿದ್ದಳು. ಮೊದಲು ಎರಡು, ಆಮೇಲೆ ಆರು, ಕೊನೆಗೆ ಮೂವತ್ತೂ. ದಳದ ಅಂಚಿಗೆ ಸಣ್ಣ ಸುರುಳಿ ಹೊಲಿಗೆ ಹಾಕಿ, ಒಂದೊಂದಕ್ಕೆ ಒಂದೊಂದು ಬಣ್ಣ. ಕಿಟಕಿಯಿಂದ ನೋಡಿದರೆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ತಂಗಿ ನೋಡುತ್ತ ಕೂರುತ್ತಿದ್ದಳು, ದಿನಕ್ಕೆ ಎರಡು ಮಾತಾಡುತ್ತಿದ್ದಳು, ಕೆಂಪು ಚೆನ್ನಾಗಿದೆ ಅಕ್ಕ, ಗಾಳಿ ಜೋರಾಗಿದೆ ಅಕ್ಕ. ಟೇಪಕ್ಕ ಆ ಎರಡು ಮಾತಿಗಾಗಿ ಹೊಲಿಯುತ್ತಲೇ ಹೋದಳು.

“ಹತ್ತನೇ ದಿನ ಅವಳೇ ಹೊರಗೆ ಬಂದ್ಲು. ಆಸ್ಪತ್ರೆಯಿಂದ ಬಂದ್ಮೇಲೆ ಬಾಗಿಲು ದಾಟಿದ್ದು ಅದೇ ಮೊದಲು. ನನಗೆ ಖುಷಿಯಾಗೋಯ್ತು, ನಾನೂ ಪೆದ್ದಿ, ಮರೆತೇಬಿಟ್ಟೆ. ಬಗ್ಗಿ ಮೂಸಿ ನೋಡಿದ್ಲು.”

ಸಸಿಯಮ್ಮ ಕೂತಿದ್ದ ಬಕೆಟ್ಟನ್ನು ಅವಳ ಹತ್ತಿರಕ್ಕೆ ಸರಿಸಿಕೊಂಡಳು.

“ಒಂದನ್ನ ಕಿತ್ತು ನನ್ನ ಕೈಗೆ ಕೊಟ್ಟು ಒಳಗೆ ಹೋದ್ಲು. ಪರದೆ ಎಳ್ಕೊಂಡ್ಲು. ಒಂಬತ್ತು ದಿನ ಆಯ್ತು, ಒಂದು ಮಾತಿಲ್ಲ. ಚೀಟೀನೂ ಇಲ್ಲ. ಇವತ್ತು ನಿಜವಾದ ಹೂ ಕಂಡರೆ ಏನಾದ್ರೂ ಅನ್ನಬಹುದೇನೋ. ಇಲ್ದಿದ್ರೆ ಆ ಗಂಟಲು ಮುಚ್ಚೇ ಹೋಗುತ್ತೆ, ಅದನ್ನ ಮುಚ್ಚಿಸಿದವಳು ನಾನಾಗ್ತೀನಿ.”

ಸಸಿಯಮ್ಮ ಬಕೆಟ್ಟಿನಿಂದ ಎದ್ದು ಪೆಟೂನಿಯ ಟ್ರೇಯನ್ನು ಅವಳ ಕೈಯಿಂದ ಬಿಡಿಸಿಕೊಂಡು ಬೆಂಚಿನ ಮೇಲಿಟ್ಟಳು. “ಹೂ ಹೊತ್ತಿರೋದು ತಗೊಂಡ್ಹೋಗಿ, ಅದು ವಾರಕ್ಕೆ ಬಾಡಿದ್ರೆ ಮತ್ತೆ ಬಟ್ಟೆ ಹೊಲಿಯೋಕೆ ಕೂರ್ತೀರ. ಬೇಡ. ನನ್ನ ಮಾತು ಕೇಳಿ. ಬಿಸಿಲೆಷ್ಟು ಬೀಳುತ್ತೆ ಅಲ್ಲಿ?”

“ಬೆಳಗ್ಗೆಯಿಂದ ಎರಡು ಗಂಟೆವರೆಗೂ.”

“ಹಾಗಿದ್ರೆ ಆಯ್ತು. ನಿಮ್ಮಂಥ ಕೈಗೂ ಸಾಯದೇ ಇರೋ ಗಿಡ ಕೊಡ್ತೀನಿ.” ಗೋಡೆ ಕಡೆಗೆ ನಿತ್ಯಪುಷ್ಪ, ಅದನ್ನು ಮರೆತರೂ ಬದುಕುತ್ತದೆ ಅಂದಳು. ಮಧ್ಯಕ್ಕೆ ಕುಳ್ಳ ಚೆಂಡುಹೂ. ಅಂಚಿಗೆ ಟೇಬಲ್ ರೋಸ್, ಬಿಸಿಲೇರಿದಾಗ ಅರಳಿ ಮಧ್ಯಾಹ್ನದ ಮೇಲೆ ಮುಚ್ಚಿಕೊಳ್ಳುವ ಜಾತಿ, ಅದರ ಒಂದು ಕಡ್ಡಿ ಮುರಿದು ಚುಚ್ಚಿದರೆ ಅದೂ ಬರುತ್ತದೆ. ಹದಿನಾಲ್ಕೇ ಸಸಿ ಕೊಟ್ಟಳು. ಒಂದಕ್ಕೂ ಒಂದಕ್ಕೂ ಗೇಣು ಜಾಗ, ಬೆರಳು ಚುಚ್ಚಿ ಒಣಗಿದ್ದರೆ ಮಾತ್ರ ನೀರು, ಮೊದಲು ಬರುವ ಮೊಗ್ಗನ್ನು ಚಿವುಟಿ ಬಿಸಾಕಬೇಕು.

“ಚಿವುಟೋದಾ?”

“ಚಿವುಟಿದ್ರೆ ಕವಲೊಡೆಯುತ್ತೆ. ಬಟ್ಟೆ ಕತ್ತರಿಸ್ದೇ ಅಂಗಿ ಹೊಲೀತೀರಾ ನೀವು?”

“ಅಲ್ಲೀವರೆಗೂ ಅವಳಿಗೆ ಏನು ತೋರಿಸ್ಲಿ?”

“ಮಣ್ಣು ತೋರಿಸಿ. ಇರೋದನ್ನ ತೋರಿಸಿ.”

ಹದಿನಾಲ್ಕು ಹಸಿರು ಸಸಿಗಳ ಟ್ರೇ ಹಿಡಿದು ಮನೆಗೆ ನಡೆಯುವಾಗ ಟೇಪಕ್ಕನಿಗೆ ಗುಂಡಿಯಿಲ್ಲದ ಅಂಗಿಯನ್ನು ಗಿರಾಕಿಯ ಮದುವೆಗೆ ಒಯ್ಯುತ್ತಿರುವಷ್ಟು ಅಳುಕು. ಪಾತಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಪರದೆ ಮುಚ್ಚಿಯೇ ಇತ್ತು, ಅದನ್ನು ಹೊಲಿದವಳೂ ತಾನೇ, ಬೆಳಕು ನುಸುಳದ ಹಾಗೆ ಎರಡು ಪದರ ಕೊಟ್ಟು.

“ಬಟ್ಟೆ ಹೂ ಇಟ್ಟಿದ್ದು ತಪ್ಪು,” ಅಂದಳು ಪರದೆಗೆ. “ಮೊದಲನೇದು ಸತ್ತಾಗಲೇ ಹೇಳಬೇಕಿತ್ತು. ಈಗ ತಂದಿರೋದ್ರಲ್ಲಿ ಒಂದರಲ್ಲೂ ಹೂವಿಲ್ಲ.”

ಟೇಪಕ್ಕ ಗೇಣು ಹಾಕಿ ಹಾಕಿ ನೆಡತೊಡಗಿದಳು. ನಡುನಡುವೆ ಬೋಳು ಮಣ್ಣು ಎದ್ದು ಕಾಣುತ್ತಿತ್ತು, ಕಣ್ಣು ಚುಚ್ಚುತ್ತಿತ್ತು, ಇನ್ನೊಂದು ಸಸಿಯನ್ನು ಅಲ್ಲಿ ತುರುಕಲು ಕೈ ತುರಿಸುತ್ತಿತ್ತು. ಚೆಂಡುಹೂವಿನ ಒಂದು ಸಸಿಯಲ್ಲಿ ಕಡಲೆಗಾತ್ರದ ಮೊಗ್ಗೊಂದು ಹಳದಿ ತುದಿ ತೋರಿಸಿತ್ತು. ಹೆಬ್ಬೆರಳು ತೋರುಬೆರಳು ಅದರ ಕುತ್ತಿಗೆಗೆ ಹೋದವು, ನಿಂತವು. ಇದೊಂದನ್ನು ಬಿಟ್ಟರೆ ನಾಳೆಗೆ ಒಂದಾದರೂ ಹೂ ಇರುತ್ತದಲ್ಲ ಅನ್ನಿಸಿತು. ಪರದೆಯ ಕಡೆ ನೋಡಿದಳು. ಚಿವುಟಿದಳು.

ಉಪ್ಪುಕಾಗದ ತಿಕ್ಕಿದ ಹಾಗೆ, ಬೆನ್ನ ಹಿಂದಿನ ಕಿಟಕಿಯ ಪರದೆಯ ಸಂದಿಯಿಂದ: “ಎರಡನೇ ಸಾಲು ಸೊಟ್ಟಗಿದೆ.”

ಟೇಪಕ್ಕ ತಿರುಗಲಿಲ್ಲ. ತಿರುಗಿದರೆ ಮಾತು ನಿಂತುಹೋದೀತು ಅಂತ ಭಯ. “ಎಲ್ಲಿ?”

“ಎಡಗಡೆ. ಚಿವುಟಿದ್ದು ಯಾಕೆ?”

“ಕವಲೊಡೆಯಲಿ ಅಂತ. ಇನ್ನು ಇಪ್ಪತ್ತು ದಿನಕ್ಕೆ ಹೂ ಬರುತ್ತಂತೆ.”

“ಅದು ನೀನು ಹೇಳ್ತಿರೋದಾ, ಅವರು ಹೇಳಿದ್ದಾ?”

“ಅವರು ಇಪ್ಪತ್ತು ಅಂತ ಹೇಳ್ಲಿಲ್ಲ,” ಅಂದಳು ಟೇಪಕ್ಕ, ಕತ್ತು ಬಗ್ಗಿಸಿ. “ನಾನೇ ಸೇರಿಸ್ದೆ.”

ಪರದೆಯ ಉಂಗುರ ಸರಳಿನ ಮೇಲೆ ಸರಿದ ಸದ್ದಾಯಿತು, ತೆಗೆದದ್ದೋ ಎಳೆದುಕೊಂಡದ್ದೋ ಟೇಪಕ್ಕನಿಗೆ ತಿಳಿಯಲಿಲ್ಲ.

“ನಿನ್ನ ಮಾತು ನಂಬೋಕಾಗಲ್ಲ ಅಕ್ಕ.” ದನಿ ನಡುವೆ ಎರಡು ಸಲ ಒಡೆಯಿತು, ಉಗುಳು ನುಂಗಿಕೊಂಡು ಮುಂದುವರಿಸಿದಳು. “ಆ ನರ್ಸರಿಯವರನ್ನ ನಾನೇ ಕೇಳ್ತೀನಿ. ಯಾವತ್ತು ಇರ್ತಾರೆ?”

“ಭಾನುವಾರ ಬಿಟ್ಟು ದಿನಾ ಇರ್ತಾರೆ. ಇವತ್ತೇ ಬೇಕಾದ್ರೂ—”

“ಇವತ್ತು ಬೇಡ. ಅಷ್ಟು ಜನದ ಎದುರು ಈ ದನಿ ಇಟ್ಕೊಂಡು ಇವತ್ತು ಆಗಲ್ಲ. ಮುಂದಿನ ವಾರ.”

“ಮಂಗಳವಾರ ಹೋಗೋಣ,” ಅಂದಳು ಟೇಪಕ್ಕ, ಸೊಟ್ಟಗಿದ್ದ ಸಸಿಯನ್ನು ಮೆಲ್ಲಗೆ ಮಣ್ಣಿನಿಂದ ಬಿಡಿಸುತ್ತ. “ಬೆಳಗ್ಗೆ ಹತ್ತಕ್ಕೆ. ಆಗ ಅಲ್ಲಿ ಜನ ಕಡಿಮೆ.”