ಗುರುತು ಹಿಡಿಯದ ವಸಂತಿ ಡಾಕ್ಟ್ರು

ರಸ್ತೆಯಲ್ಲಿ ಸಿಕ್ಕಿದರೆ ವಸಂತಿ ಡಾಕ್ಟ್ರು ಯಾರ ಗುರುತನ್ನೂ ಹಿಡಿಯುತ್ತಿರಲಿಲ್ಲ. ಹಿಂದಿನ ದಿನ ತಾವೇ ಹೊಲಿಗೆ ಬಿಚ್ಚಿದ ಹೆಂಗಸು ಮಡಂತ್ಯಾರು ಪೇಟೆಯಲ್ಲಿ ಎದುರಾದರೂ ಅವರ ಕಣ್ಣು ಅವಳ ಮೇಲೆ ನಿಲ್ಲದೆ ಮುಂದಿನ ಅಂಗಡಿಯ ಬೋರ್ಡಿಗೆ ಹೋಗಿಬಿಡುತ್ತಿತ್ತು. ಮದುವೆ ಹಾಲ್‌ನಲ್ಲಿ ಪಕ್ಕದಲ್ಲೇ ಕುಳಿತು ಉಂಡರೂ ಅಷ್ಟೆ. ನಾವಾಗಿ ಮಾತಾಡಿಸಿದರೆ ಬಾಯ್ತುಂಬ ನಗುತ್ತಿದ್ದರು, ಇಲ್ಲವಾದರೆ ಇಲ್ಲ. ಊರಿನವರು ಇದಕ್ಕೆ ಅಹಂಕಾರ ಎಂದು ಹೆಸರಿಟ್ಟಿದ್ದರು. ಕಲಿತದ್ದು ಹೆಚ್ಚಾಯಿತು, ಅದಕ್ಕೇ ನೆಲ ಕಾಣುವುದಿಲ್ಲ ಎಂದು ನನ್ನ ಅತ್ತೆಯೂ ಹೇಳುತ್ತಿದ್ದರು.

ನೋಡಲು ಗಿಡ್ಡ ಆಳು. ಕಾಟನ್ ಸೀರೆ, ಕಾಲಿಗೆ ರಬ್ಬರ್ ಚಪ್ಪಲಿ, ತಲೆಕೂದಲು ಪೂರ್ತಿ ಬೆಳ್ಳಗೆ. ಮಡಂತ್ಯಾರಿನ ತಮ್ಮ ಕ್ಲಿನಿಕ್ಕಿನ ಒಳಕೋಣೆಗೆ ದಪ್ಪ ಹಲಸಿನ ಮರದ ಬಾಗಿಲು ಹಾಕಿಸಿದ್ದರು. ಎಷ್ಟು ಜನ ಕಾದಿದ್ದರೂ ಒಳಗೆ ಒಬ್ಬರೇ. ಗಂಡ ಜೊತೆಗೆ ನುಗ್ಗಿದರೆ, "ನಿಮ್ಮನ್ನು ಆಮೇಲೆ ಕರೀತೇನೆ, ಹೊರಗೆ ಪೇಪರ್ ಉಂಟು, ಓದಿ" ಎಂದು ಕಳಿಸುತ್ತಿದ್ದರು.

ನಾನು ಅವರ ಬಳಿ ಮೊದಲ ಸಲ ಹೋದದ್ದು ನನ್ನ ಮಗನಿಗೆ ಎಂಟು ತಿಂಗಳಾಗಿದ್ದಾಗ. ಆಗ ನಾನು ವೇಣೂರಿನ ಒಂದು ಶಾಲೆಯಲ್ಲಿ ಟೀಚರು. ಹೆರಿಗೆ ಆಪರೇಷನ್ ಆಗಿತ್ತು. ಇನ್ನೊಂದು ಮಗು ಬೇಗ ಬೇಡ ಎಂದು ಆಸ್ಪತ್ರೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಕುವೈತಿನಲ್ಲಿದ್ದ ಗಂಡ ರಜೆಗೆ ಬಂದರು. ಜಾಗ್ರತೆಯಲ್ಲೇ ಇದ್ದೆವು, ಆದರೂ ನಿರೋಧ್ ಹರಿದುಹೋಯಿತು. ಮರುದಿನ ಅವರು ವಿಮಾನ ಹತ್ತಿದರು. ಭಯ ನನ್ನ ಪಾಲಿಗೆ ಉಳಿಯಿತು.

ಇಂಥದ್ದಕ್ಕೆ ಮಾತ್ರೆ ಉಂಟೆಂದು ಟಿವಿ ಜಾಹೀರಾತಿನಲ್ಲಿ ನೋಡಿ ಗೊತ್ತಿತ್ತು. ಆದರೆ ನಮ್ಮ ಪೇಟೆಯ ಮೆಡಿಕಲ್ ಶಾಪಿನವರು ಮಾವನ ಜೊತೆ ಕಲಿತವರು. ಶಾಲೆ ಬಿಟ್ಟ ಮೇಲೆ ಹೋಗಿ ನಿಂತೆ. ಏನು ಬೇಕು ಟೀಚರೇ ಎಂದು ಅವರು ಕೇಳಿದಾಗ ತಲೆನೋವಿನ ಮಾತ್ರೆ ತೆಗೆದುಕೊಂಡು ಬಂದೆ. ಮರುದಿನ ಮತ್ತೆ ಹೋಗಿ ಮಗುವಿನ ಪೌಡರ್ ತಂದೆ. ಮದುವೆಯಾದವಳು, ಗಂಡನೊಂದಿಗೇ ಇದ್ದವಳು, ಆದರೂ ನಾಚಿಕೆ ಬಿಡಲಿಲ್ಲ. ಮಗುವಿಗೆ ಹಾಲು ಕೊಡುವಾಗ ಹೊಟ್ಟೆಯ ಗಾಯದ ಗುರುತಿಗೆ ಕೈ ಹೋಗುತ್ತಿತ್ತು. ನಾಲ್ಕನೆಯ ದಿನ ತಡೆಯಲಾರದೆ ಅರ್ಧ ದಿನ ರಜೆ ಹಾಕಿ ಮಡಂತ್ಯಾರಿನ ಕಡೆಗೆ ಹೊರಟೆ.

ಒಳಗೆ ಹೋದವಳು ಕುತ್ತಿಗೆ ನೋವೆಂದು ಶುರು ಮಾಡಿದೆ. ಡಾಕ್ಟ್ರು ಕುತ್ತಿಗೆಯನ್ನು ಮುಟ್ಟಿ ನೋಡಿದರು. ಆಮೇಲೆ, "ಬಸ್ಸು ಹತ್ತಿ ಇಷ್ಟು ದೂರ ಬಂದದ್ದು ಕುತ್ತಿಗೆಗಲ್ಲ, ಅಲ್ವಾ?" ಎಂದರು. ನಾನು ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಎಲ್ಲ ಕೇಳಿಕೊಂಡರು: ಎಂದು ಆದದ್ದು, ಹೆರಿಗೆಯ ಮೇಲೆ ಮುಟ್ಟು ಶುರುವಾಗಿದೆಯಾ, ಮಗು ಎದೆಹಾಲು ಕುಡಿಯುತ್ತದಾ.

"ಮಾತ್ರೆ ಬೇಗ ತೆಗೆದುಕೊಂಡಷ್ಟು ಒಳ್ಳೆಯದು ಮಾರಾಯ್ತಿ. ಮೂರು ದಿನದ ಒಳಗೆ. ಅದು ಅಂಡ ಬಿಡುಗಡೆ ಆಗುವುದನ್ನು ತಡೆಯುತ್ತದೆ, ಅಷ್ಟೇ ಅದರ ಕೆಲಸ. ದಿನ ಹೋದ ಹಾಗೆ ಅದರ ಬಲ ಇಳೀತದೆ. ಆದ್ರೆ ನೀನು ತಡವಾಗಿ ಬಂದೆ ಅಂತ ದಾರಿ ಮುಚ್ಚಲಿಲ್ಲ. ಐದು ದಿನದ ಒಳಗೆ ಕಾಪರ್-ಟಿ ಹಾಕಬಹುದು, ಅದು ಮಾತ್ರೆಗಿಂತ ಗಟ್ಟಿ. ಹತ್ತು ವರ್ಷದವರೆಗೆ ಇಟ್ಟುಕೊಳ್ಳಬಹುದು, ಬೇಡ ಅನ್ನಿಸಿದ ದಿನ ತೆಗೆಯುವ."

ಇದು ಗರ್ಭ ಇಳಿಸಿದ ಹಾಗೆಯಾ ಎಂದು ಕೇಳಿದೆ. ಅಲ್ಲ, ನಿಂತ ಗರ್ಭವನ್ನು ಇದು ಇಳಿಸುವುದಿಲ್ಲ, ನಿಲ್ಲದ ಹಾಗೆ ನೋಡಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದರು. ಹಾಲಿಗೂ ಏನೂ ತೊಂದರೆ ಇಲ್ಲವಂತೆ. ಕೊನೆಗೆ ನನ್ನನ್ನು ಹೆಚ್ಚು ಕಾಡುತ್ತಿದ್ದ ಪ್ರಶ್ನೆ ಕೇಳಿದೆ. ಗಂಡ ಊರಿನಲ್ಲಿಲ್ಲ, ಅತ್ತೆ ಮಾವನ ಒಪ್ಪಿಗೆ ಬೇಕಾಗುತ್ತದಾ?

"ಮೈ ಯಾರದ್ದು?" ಎಂದರು ಡಾಕ್ಟ್ರು. "ಅವರದ್ದೇ ಒಪ್ಪಿಗೆ ಸಾಕು."

ಮೂತ್ರ ಪರೀಕ್ಷೆ ಮಾಡಿ, ಮೊದಲೇ ಗರ್ಭ ನಿಂತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅಂದೇ ಕಾಪರ್-ಟಿ ಹಾಕಿದರು. ಸ್ವಲ್ಪ ನೋವಾಯಿತು. ಅವರ ನರ್ಸಮ್ಮ ಕೈ ಹಿಡಿದುಕೊಂಡು ನಿಂತಿದ್ದರು. ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಾಗ ನಾಲ್ಕು ದಿನಗಳ ಮೇಲೆ ನನಗೆ ಹಸಿವಾಯಿತು. ಮುಂದಿನ ತಿಂಗಳು ಮುಟ್ಟಾಯಿತು.

ಆದರೆ ಕ್ಲಿನಿಕ್ಕಿನ ಹೊರಗೆ ಯಾರೋ ನನ್ನನ್ನು ನೋಡಿ ಸುದ್ದಿಯನ್ನು ಮನೆಗೆ ಮುಟ್ಟಿಸಿದ್ದರು. ನನ್ನ ಅತ್ತೆ ಕೆಟ್ಟವರಲ್ಲ. ತಿಳಿಯದ ವಿಷಯ ಮನೆಯಲ್ಲಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಮೊಣಕಾಲು ನೋವೆಂದು ಹೇಳಿ ಅವರೂ ಮಡಂತ್ಯಾರಿಗೆ ಹೋದರು. ಕಾಲು ತೋರಿಸಿ, ಔಷಧಿ ಬರೆಸಿಕೊಂಡು, ಏಳುವಾಗ ನಮ್ಮ ಸೊಸೆ ಬಂದದ್ದು ಯಾಕೆ ಎಂದು ತುಳುವಿನಲ್ಲಿ ಮೆಲ್ಲಗೆ ಕೇಳಿದರಂತೆ. "ಯಾನ್ ಪನ್ಪುಜಿ" ಎಂದರಂತೆ ಡಾಕ್ಟ್ರು, ನಾನು ಹೇಳುವುದಿಲ್ಲ ಎಂದು. ನಾನೇ ಅಲ್ಲವೇ ಮನೆಯ ಹಿರಿಯಳು ಎಂದು ಅತ್ತೆ ಬಿಡಲಿಲ್ಲ. ಅದಕ್ಕೆ ಡಾಕ್ಟ್ರು, ನಾಳೆ ನಿಮ್ಮ ಸೊಸೆ ಬಂದು ನಿಮ್ಮ ಮೊಣಕಾಲಿನ ವಿಷಯ ಕೇಳಿದರೂ ಇದೇ ಉತ್ತರ, ನೀವು ಮನೆಗೆ ಹೋಗಿ ಮಲಗುವಾಗ ಎಣ್ಣೆ ತಿಕ್ಕಿ ಎಂದು ಕಳಿಸಿಕೊಟ್ಟರು.

ಇದನ್ನೆಲ್ಲ ಅತ್ತೆಯೇ ನನಗೆ ಹೇಳಿದ್ದು. ಹೇಳುವಾಗ ಸಿಟ್ಟಿತ್ತು, ಕೊನೆಗೆ ಮಾತ್ರ ನಕ್ಕರು. ಮುಂದಿನ ವರ್ಷ ಅತ್ತೆಗೆ ಯಾರಿಗೂ ಹೇಳಲಾಗದ ಒಂದು ಹೆಣ್ಣುಕಾಯಿಲೆ ಕಾಣಿಸಿಕೊಂಡಾಗ, ಮಂಗಳೂರಿನ ದೊಡ್ಡ ಆಸ್ಪತ್ರೆ ಬೇಡವೆಂದು ಅವರು ಹಟ ಹಿಡಿದು ಹೋದದ್ದು ಈ ಅಹಂಕಾರಿ ಡಾಕ್ಟ್ರ ಹತ್ತಿರವೇ.

ರಸ್ತೆಯಲ್ಲಿ ಯಾಕೆ ಮುಖ ತಿರುಗಿಸುತ್ತೀರಿ ಎಂದು ಡಾಕ್ಟ್ರ ಹತ್ತಿರ ನಾನೊಮ್ಮೆ ಕೇಳಿದ್ದೆ. ಮದುವೆಯಲ್ಲಿ ನಾನು ನಿನ್ನನ್ನು ನೋಡಿ ನಕ್ಕರೆ, ಪಕ್ಕದವಳು ನಿನ್ನ ಹತ್ತಿರ ಡಾಕ್ಟ್ರ ಪರಿಚಯ ಹೇಗೆ ಎಂದು ಕೇಳುತ್ತಾಳೆ, ಆಗ ನೀನು ಸುಳ್ಳು ಹುಡುಕಬೇಕು, ಆ ಕಷ್ಟ ನಿನಗೆ ಯಾಕೆ ಎಂದರು. ಅಹಂಕಾರಿ ಎಂಬ ಹೆಸರಿನ ಬಗ್ಗೆ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಮೂವತ್ತು ವರ್ಷ ಅದನ್ನು ಹೊತ್ತು ತಿರುಗಿದರು.

ಎಷ್ಟೋ ವರ್ಷಗಳ ಮೇಲೆ ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿಯಾದೆ. ಒಂದು ಬೆಳಿಗ್ಗೆ ಕೊನೆಯ ವರ್ಷದ ಡಿಗ್ರಿ ವಿದ್ಯಾರ್ಥಿನಿ ಅಶ್ವಿತಾ ಸ್ಟಾಫ್ ರೂಮಿನ ಹೊರಗೆ ಬಂದು ನಿಂತಳು. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುವ ಹುಡುಗಿ ಅಂದು ಬಾಗಿಲ ಮರೆಯಿಂದ ಕೈಸನ್ನೆ ಮಾಡಿ ಕರೆದಳು. ಹಿಂದಿನ ಸಂಜೆ ಅವಳು ಪ್ರೀತಿಸುತ್ತಿದ್ದ ಹುಡುಗನ ಜೊತೆಗಿದ್ದಳಂತೆ. ಬೆಳಿಗ್ಗೆ ಮಾತ್ರೆ ಕೇಳಲು ಅಂಗಡಿಗೆ ಹೋದರೆ, ಯಾರಿಗೆ ಎಂದು ಅಂಗಡಿಯವನು ದೊಡ್ಡ ಸ್ವರದಲ್ಲಿ ಕೇಳಿದ, ನಿಂತವರೆಲ್ಲ ತಿರುಗಿ ನೋಡಿದರು, ಓಡಿಬಂದಳು. ಗೆಳತಿಯೊಬ್ಬಳು ಹಸಿ ಪಪ್ಪಾಯಿ ತಿನ್ನಲು ಹೇಳಿದ್ದಳು. ಮನೆಯಲ್ಲಿ ಗೊತ್ತಾದರೆ ಓದು ನಿಲ್ಲಿಸುತ್ತಾರೆ ಮೇಡಂ ಎಂದಳು. ನಿಲ್ಲಿಸುತ್ತಿದ್ದರು, ಅವಳ ಅಣ್ಣನನ್ನು ನಾನು ಬಲ್ಲೆ.

ಮೂಡುಬಿದಿರೆಯ ಯಾವ ಡಾಕ್ಟರ ಮುಂದೆಯೂ ಕೂರಲು ಅವಳು ಒಪ್ಪಲಿಲ್ಲ. ಇಬ್ಬರೂ ಮಡಂತ್ಯಾರಿಗೆ ಹೋದೆವು. ಡಾಕ್ಟ್ರು ಆಗಲೇ ಕೃಶವಾಗಿದ್ದರು. ನಾನು ಅಶ್ವಿತಾಳ ಜೊತೆ ಒಳಗೆ ಹೋಗಲು ಎದ್ದೆ. "ನೀನು ಹೊರಗೆ ಕೂತ್ಕೋ" ಎಂದರು. ನನಗೆ ಸ್ವಲ್ಪ ನೋವಾಯಿತು, ಕರೆದುಕೊಂಡು ಬಂದವಳೇ ನಾನಲ್ಲವೇ. ಬಾಗಿಲು ಮುಚ್ಚಿತು.

ಒಳಗೆ ನಡೆದದ್ದನ್ನು ಅಶ್ವಿತಾಳೇ ಹಿಂದಿರುಗುವ ಬಸ್ಸಿನಲ್ಲಿ ತಾನಾಗಿ ಹೇಳಿದಳು. ಡಾಕ್ಟ್ರು ಮೊದಲು ಕೇಳಿದ್ದು, ಇದು ನಿನ್ನ ಮನಸ್ಸಿಗೆ ವಿರುದ್ಧ ನಡೆದದ್ದಾ ಎಂದು. ಹಾಗಿದ್ದರೆ ಬೇರೆ ಸಹಾಯವೂ ಉಂಟು, ನಾನು ಜೊತೆಗೆ ನಿಲ್ಲುತ್ತೇನೆ ಎಂದರಂತೆ. ಅಲ್ಲ ಎಂದಾಗ ಒಂದು ಮಾತ್ರೆ ಕೊಟ್ಟು ಎದುರಿಗೇ ನುಂಗಿಸಿದರು. ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕಾಗುತ್ತದೆ. ಮುಟ್ಟು ಸ್ವಲ್ಪ ಹಿಂದೆ ಮುಂದೆ ಆಗಬಹುದು, ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಸಬೇಕು, ಮಾತ್ರೆ ನೂರಕ್ಕೆ ನೂರು ಅಲ್ಲ. ಇದು ಆಪತ್ತಿಗೆ ಮಾತ್ರ. ಮುಂದೆ ಬೇಕಾದರೆ ಬೇರೆ ಕ್ರಮ ಉಂಟು. ಕಾಯಿಲೆ ಅಂಟುವುದನ್ನು ಮಾತ್ರೆ ತಡೆಯುವುದಿಲ್ಲ, ಅದಕ್ಕೆ ನಿರೋಧ್ ಬೇಕು. ಪಪ್ಪಾಯಿಯ ಬಗ್ಗೆ ಕೇಳಿದಾಗ ಅದು ಒಳ್ಳೆಯ ಹಣ್ಣು, ಹಣ್ಣಾದ ಮೇಲೆ ತಿನ್ನು ಎಂದರಂತೆ. ಹೇಳುತ್ತ ಹೇಳುತ್ತ ಹುಡುಗಿ ನಕ್ಕಳು.

"ಬೈಲೇ ಇಲ್ಲ ಮೇಡಂ," ಎಂದಳು ಆಮೇಲೆ. "ಬೈತಾರೆ ಅಂತ ನಾನು ಉತ್ತರ ರೆಡಿ ಮಾಡ್ಕೊಂಡು ಹೋಗಿದ್ದೆ."

ಅಶ್ವಿತಾ ಪರೀಕ್ಷೆ ಬರೆದಳು. ಈಗ ಬಂಟ್ವಾಳದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ.

ಆ ವರ್ಷವೇ ಡಾಕ್ಟ್ರು ಕ್ಲಿನಿಕ್ ಮುಚ್ಚಿದರು. ಹೊಟ್ಟೆಯಲ್ಲಿ ಗಡ್ಡೆ, ಚಿಕಿತ್ಸೆಯ ಕಾಲ ದಾಟಿತ್ತು. ಅಳದಂಗಡಿಯಲ್ಲಿ ತಂಗಿಯ ಮನೆಯಲ್ಲಿದ್ದರು. ನಾನು ನೋಡಲು ಹೋದಾಗ ತಮ್ಮ ನೋವಿನ ಮಾತು ಎತ್ತಲಿಲ್ಲ. ಹೆಣ್ಣುಮಕ್ಕಳು ಈಗ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದರು. ಬೆಳ್ತಂಗಡಿಯಲ್ಲಿ ಹೊಸದಾಗಿ ಒಬ್ಬರು ಲೇಡಿ ಡಾಕ್ಟರ್ ಬಂದಿದ್ದಾರಂತೆ ಎಂದೆ. ಹೇಗಿದ್ದಾರೆ ಎಂದರು. ಗೊತ್ತಿಲ್ಲ ಎಂದೆ. ಹಾಗಾದರೆ ನೀನೇ ಹೋಗಿ ಕುಳಿತು ನೋಡಿ ಬಾ ಎಂದರು.

ನನ್ನ ಕಾಪರ್-ಟಿ ಬದಲಿಸುವ ಕಾಲವೂ ಬಂದಿತ್ತು. ಹೋದೆ. ಹುಡುಗಿಯಂಥ ಡಾಕ್ಟರು, ಘಟ್ಟದ ಮೇಲಿನ ಕನ್ನಡ. ನನಗಿಂತ ಮೊದಲು ಒಳಗೆ ಹೋದದ್ದು ಬುರ್ಖಾ ಹಾಕಿದ ಎಳೆಯ ಹೆಂಗಸು. ಅವಳ ಗಂಡನನ್ನು ನರ್ಸು ಹೊರಗೆ ಕೂರಿಸಿದರು. ಬಹಳ ಹೊತ್ತಾಯಿತು; ಹೊರಗೆ ಒಂದು ಮಾತೂ ಕೇಳಿಸಲಿಲ್ಲ. ಬಂದವಳ ಕಣ್ಣು ಒದ್ದೆಯಾಗಿತ್ತು, ಆದರೆ ಮುಖ ಹಗುರಾಗಿತ್ತು.

ಅದೇ ವಾರ ಅಳದಂಗಡಿಗೆ ಹೋದೆ. ವಸಂತಿ ಡಾಕ್ಟ್ರು ಕಣ್ಣು ಮುಚ್ಚಿ ಮಲಗಿದ್ದರು. ನಾನು ಬಂದದ್ದು ಗೊತ್ತಾಗಿ ತಂಗಿಯನ್ನು ಕೈಸನ್ನೆಯಿಂದ ಹೊರಗೆ ಕಳಿಸಿದರು.

"ಬೈತಾಳಾ?" ಎಂದರು.

"ಇಲ್ಲ."

"ಮದುವೆ ಆಗಿದೆಯಾ ಅಂತ ಮೊದಲು ಕೇಳ್ತಾಳಾ?"

"ಕೇಳಲಿಲ್ಲ. ಏನು ತೊಂದರೆ ಅಂತ ಕೇಳಿದ್ರು."

ಡಾಕ್ಟ್ರು ನನ್ನ ಕೈಯನ್ನು ಹುಡುಕಿ ಹಿಡಿದರು. "ಹಾಗಾದ್ರೆ ಅವಳ ಹೆಸರು ಎಲ್ಲರಿಗೂ ಹೇಳು," ಎಂದರು. "ನಿನ್ನ ಕ್ಲಾಸಿನ ಮಕ್ಕಳಿಗೆ ಮೊದಲು ಹೇಳು."

ಅವರು ತೀರಿಕೊಂಡ ಸುದ್ದಿ ಕಾಲೇಜಿಗೆ ಬಂದಾಗ ನಾನು ತರಗತಿಯಲ್ಲಿದ್ದೆ. ಪಾಠ ನಿಲ್ಲಿಸಿದೆ. ಹುಡುಗಿಯರನ್ನು ಹತ್ತಿರ ಕೂರಿಸಿಕೊಂಡು, ಬೆಳ್ತಂಗಡಿಯಲ್ಲಿ ಒಬ್ಬರು ಡಾಕ್ಟರ್ ಇದ್ದಾರೆ ಎಂದು ಶುರು ಮಾಡಿದೆ.