ಜಡ್ಜಮ್ಮನೂ ಮಂತ್ರಿಯಾದ ಬೀರುವೂ

ನಮ್ಮ ಬೀದಿಯ ಬಾಡಿಗೆ ಡಿಸ್ಕ್ ಅಂಗಡಿಯಲ್ಲಿ ಸಿನಿಮಾಗಳಿಗೆ ಎರಡು ಸೆನ್ಸಾರ್. ಮೊದಲನೆಯದು ಸರ್ಕಾರದ್ದು, ಅದನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಎರಡನೆಯದು ಅಂಗಡಿಯವಳ ಅತ್ತೆಯದು. ಹೊಸ ಡಿಸ್ಕ್ ಬಂದರೆ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿಯುವ ಹಕ್ಕು ಅವರೊಬ್ಬರಿಗೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ಟಿವಿಯ ಮುಂದೆ ಎರಡು ಕುರ್ಚಿ. ಒಂದರಲ್ಲಿ ಅತ್ತೆ, ಇನ್ನೊಂದರಲ್ಲಿ ಅತ್ತೆಯ ಕಾಲು. ಸೊಸೆ ಒಂದು ದಿನವಾದರೂ ಆ ಎರಡನೇ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಆ ಕೋಣೆ ನೇರ ಕಾಣುವ ಹಾಗೆ ಎದುರಿಗೇ ನನ್ನ ಕನ್ನಡಕದ ಅಂಗಡಿ. ನಾನು ನೋಡಿಲ್ಲ ಅಂದರೆ ಅವಳು ಕೂತಿಲ್ಲ ಅಂತಲೇ ಅರ್ಥ.

ಬೀದಿಯವರು ಅತ್ತೆಗೆ ಜಡ್ಜಮ್ಮ ಅಂತ ಹೆಸರಿಟ್ಟಿದ್ದರು. ಅವರ ಬಳಿ ಇದ್ದದ್ದು ಮೂರೇ ತೀರ್ಪು: 'ಬೇಡ', 'ನಿದ್ದೆ ಬಂತು', 'ನೋಡಬಹುದು'. ಮೂರನೆಯದು ಸಿಕ್ಕಿದ ಡಿಸ್ಕ್‌ಗೆ ಸಂಜೆಯೊಳಗೆ ಜನ ಸರದಿ ನಿಲ್ಲುತ್ತಿದ್ದರು. 'ಚೆನ್ನಾಗಿದೆ' ಅನ್ನುವ ಮಾತನ್ನು ಅವರು ಯಾವುದರ ಬಗ್ಗೆಯೂ ಆಡಿದ್ದಿಲ್ಲ, ಸೊಸೆಯ ಅಡುಗೆಯನ್ನೂ ಸೇರಿಸಿ. ಮಗ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದ. ಮನೆಯಲ್ಲಿ ಇವರಿಬ್ಬರೇ. ಜಗಳವೇನೂ ಇರಲಿಲ್ಲ. ಆದರೆ ಇಬ್ಬರೂ ಮಾತನ್ನು ಉಪ್ಪಿನಂತೆ ಅಳೆದು ಬಳಸುತ್ತಿದ್ದರು.

ಜಡ್ಜಮ್ಮ ನಿವೃತ್ತಿಯಾಗುವವರೆಗೆ ಒಂದು ದೊಡ್ಡ ಕಚೇರಿಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವರು. ಅಲ್ಲಿನ ಸಾಹೇಬರು ಕಚೇರಿಗೆ ಬಂದದ್ದಕ್ಕಿಂತ ಬಾರದಿದ್ದದ್ದೇ ಹೆಚ್ಚಂತೆ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅಂತ ಇವರು ಖಾಲಿ ಕುರ್ಚಿಯ ಪರವಾಗಿ ಜೀವಮಾನವಿಡೀ ಸುಳ್ಳು ಹೇಳಿದರು. ಆ ಕೆಲಸ ಕೊಟ್ಟ ಉಡುಗೊರೆ ಅಂದರೆ ಮಂದವಾದ ಕಿವಿ. ಹಾಗಾಗಿ ಟಿವಿಯ ಸದ್ದು ಬೀದಿ ದಾಟಿ ಬರುತ್ತಿತ್ತು. ಸಿನಿಮಾದಲ್ಲಿ ಯಾರು ಯಾರಿಗೆ ಗುಂಡು ಹೊಡೆದರು ಅನ್ನುವುದು ಕನ್ನಡಕ ಕೊಳ್ಳಲು ಬಂದವರಿಗೂ ತಿಳಿಯುತ್ತಿತ್ತು.

ಹೀಗಿರುವಾಗ ಆ ಬ್ರಿಟಿಷ್ ಸಿನಿಮಾ ಬಂತು. ಎರಡು ಡಿಸ್ಕ್, ಹೊದಿಕೆಯ ಮೇಲೆ ಟೋಪಿ ಹಾಕಿಕೊಂಡ ಒಂದು ಬೀರು. ಅವತ್ತು ಮಧ್ಯಾಹ್ನ ಹಿಂದಿನ ಕೋಣೆಯಿಂದ ನಗು ಕೇಳಿಸಿತು. ಮೊದಲು ಟಿವಿಯದ್ದು ಅಂದುಕೊಂಡೆ. ಆಮೇಲೆ ನೋಡಿದರೆ ಜಡ್ಜಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದು, ಕೌಂಟರಿನ ಮುಂದಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ಚೆನ್ನಾಗಿದೆ. ಎಲ್ಲರೂ ನೋಡಿ."

ಬೀದಿಗೆ ಬೀದಿಯೇ ಮುಗಿಬಿತ್ತು. ಒಬ್ಬರಾದ ಮೇಲೆ ಒಬ್ಬರು ಒಯ್ದರು, ಒಬ್ಬರಾದ ಮೇಲೆ ಒಬ್ಬರು ಮುಖ ಸಿಂಡರಿಸಿಕೊಂಡು ತಂದುಕೊಟ್ಟರು. ತಲೆಬುಡ ಗೊತ್ತಾಗಲಿಲ್ಲ ಅಂದ ಬ್ಯಾಂಕಿನ ಗುಮಾಸ್ತ. ಬೀದಿ ಕೊನೆಯ ನರ್ಸು ಮೊದಲ ಡಿಸ್ಕ್‌ನ ಕೊನೆಗೆ ಹೆಸರುಗಳು ಉರುಳಿದಾಗ ಸಿನಿಮಾ ಮುಗಿಯಿತೆಂದು ಎದ್ದುಬಿಟ್ಟಳಂತೆ. ನೋಡಿದವರಲ್ಲಿ ಸಂತೋಷವಾಗಿದ್ದವಳು ಅವಳೊಬ್ಬಳೇ. ಟ್ಯೂಷನ್ ಮೇಷ್ಟ್ರು ಮಾತ್ರ, ಸಿನಿಮಾದ ನಟ್ಟನಡುವೆ ಹೆಸರು ತೋರಿಸುವುದು ಹೊಸ ತಂತ್ರ, ಅದಕ್ಕೆ ಸಂಸ್ಕಾರ ಬೇಕು ಅಂದರು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ನಾನಾದರೂ ಸುಮ್ಮನಿರಬೇಕಿತ್ತು. ನಾನು ಮೇಷ್ಟ್ರನ್ನೂ ಮೀರಿಸಿದೆ. ಮನುಷ್ಯ ಅಧಿಕಾರ ಕಳೆದುಕೊಂಡು ಕೊನೆಗೆ ಮರದ ಸಾಮಾನಾಗಿ ಹುಟ್ಟಿಬರುತ್ತಾನೆ, ಬದುಕೊಂದು ಚಕ್ರ ಅನ್ನುವುದೇ ಇದರ ಒಳಾರ್ಥ ಅಂತ ಒಂದು ವಾರ ಭಾಷಣ ಬಿಗಿದೆ. ಹೊಸ ಕನ್ನಡಕಕ್ಕೆಂದು ಬಂದ ಗಿರಾಕಿಯೊಬ್ಬ ಅದನ್ನು ಕೇಳಿ ಹಳೆಯದರಲ್ಲೇ ತೃಪ್ತನಾಗಿ ಹೊರಟುಹೋದ.

ನಾವೆಲ್ಲ ಹೀಗೆ ಮಾತಿನಲ್ಲಿ ಮಜ ತೆಗೆದುಕೊಳ್ಳುತ್ತಿದ್ದಾಗ ಜಡ್ಜಮ್ಮ ಒಳಗೊಳಗೇ ಕುಗ್ಗುತ್ತಿದ್ದರು. ಅಮ್ಮನಿಗೆ ವಯಸ್ಸಾಯಿತು, ಪಾಪ, ಅಂತ ಗುಮಾಸ್ತ ಸೊಸೆಯ ಹತ್ತಿರ ಮೆಲ್ಲಗೆ ಅಂದದ್ದು, ಎಂದೂ ಕೇಳದ ಅವರ ಕಿವಿಗೆ ಅವತ್ತು ಸರಿಯಾಗಿ ಕೇಳಿಸಿತ್ತು. ಆಮೇಲೆ ಬಂದ ಡಿಸ್ಕ್‌ಗಳ ಹೊದಿಕೆಯನ್ನು ಅವರು ಮುಟ್ಟಲಿಲ್ಲ. ನೀನೇ ನೋಡಿಕೋ ಅಂತ ಸೊಸೆಯ ಕಡೆಗೆ ಸರಿಸಿದರು. ಹಿಂದಿನ ಕೋಣೆಯ ಟಿವಿ ಬಾಯಿ ಮುಚ್ಚಿತು. ಆ ಸದ್ದಿಗೆ ದಿನಾ ಬೈದುಕೊಳ್ಳುತ್ತಿದ್ದ ನನಗೆ ಬೀದಿ ಬಿಕೋ ಅನ್ನಿಸಿತು.

ಒಂದು ಮಧ್ಯಾಹ್ನ ಅವರು ಬೀದಿ ದಾಟಿ ನನ್ನ ಅಂಗಡಿಗೇ ಬಂದರು. ನಂಬರ್ ಬದಲಾಗಿರಬೇಕು, ಪರೀಕ್ಷೆ ಮಾಡು ಅಂದರು. ಕೂರಿಸಿ, ಗಾಜು ಬದಲಾಯಿಸುತ್ತಾ ಅಕ್ಷರ ಓದಿಸಿದೆ. ಕೊನೆಯ ಸಾಲಿನವರೆಗೂ ಗಿಳಿಯ ಹಾಗೆ ಓದಿದರು. ಕಣ್ಣಿಗೆ ಏನೂ ಆಗಿಲ್ಲ ಅಂದೆ. ಅವರಿಗೆ ಸಮಾಧಾನವಾಗುವ ಬದಲು ಭಯವೇ ಆಯಿತು.

"ಕಣ್ಣು ಸರಿ ಇದೆ ಅಂದ್ರೆ ಕೆಟ್ಟಿರೋದು ತಲೇನೇ," ಅಂದರು. "ಇನ್ನು ನಾನು ಆ ಕುರ್ಚಿ ಬಿಡೋದೇ ಸರಿ."

ಅಷ್ಟಕ್ಕೂ ನಿಮಗೆ ಆ ಸಿನಿಮಾದಲ್ಲಿ ನಗು ಬಂದದ್ದೆಲ್ಲಿ ಅಂತ ಕೇಳಿದೆ. ಅವರು ಮೊದಲಿನಿಂದ ಹೇಳತೊಡಗಿದರು. ಮಂತ್ರಿ ರಜೆಯ ಮೇಲೆ ಹೋಗಿರುತ್ತಾನೆ. ಲಾರಿಯವರು ವಿಳಾಸ ತಪ್ಪಿ ಅವನ ಕೋಣೆಯಲ್ಲಿ ಒಂದು ಬೀರು ಇಳಿಸಿ ಹೋಗುತ್ತಾರೆ. ಸಿಬ್ಬಂದಿಯೆಲ್ಲ ಬೀರುವಿಗೇ ಕೈಮುಗಿದು ಫೈಲು ಇಡುತ್ತಾರೆ. ಬೀರುವಿಗೆ ಬಡ್ತಿ, ಪದಕ, ವಿದೇಶ ಪ್ರವಾಸ ಎಲ್ಲ ಸಿಗುತ್ತದೆ. ಕೊನೆಗೆ ನಿಜವಾದ ಮಂತ್ರಿ ವಾಪಸು ಬಂದರೆ ಯಾರಿಗೂ ಗುರುತಿಲ್ಲ. ಅವನನ್ನು ಮೂಲೆಯಲ್ಲಿ ನಿಲ್ಲಿಸಿ ಮೈಮೇಲೆ ಕೋಟು ನೇತುಹಾಕುತ್ತಾರೆ. ಇದನ್ನು ಹೇಳುವಾಗ ಅವರಿಗೆ ಮತ್ತೆ ನಗು ಉಕ್ಕಿತು. "ನಮ್ಮ ಸಾಹೇಬರೂ ಒಂದಿನ ಹಾಗೇ ಬಂದಿದ್ರು. ಯಾರು ಬೇಕಾಗಿತ್ತು ಅಂತ ನಾನೇ ಕೇಳಿದ್ದೆ," ಅಂದರು.

ನಾನು ನಗಲಿಲ್ಲ. ನಾನು ನೋಡಿದ ಸಿನಿಮಾ ಶುರುವಾದದ್ದೇ ಬೀರುವಿನ ಪದಕ ಸಮಾರಂಭದಿಂದ, ಮುಗಿದದ್ದು ಬೀರುವಿನ ಬಡ್ತಿಯಲ್ಲಿ. ಕೋಟು, ಲಾರಿ ಎರಡೂ ಬಂದದ್ದು ನಡುವೆ, ಕೋಟು ಮೊದಲು, ಲಾರಿ ಆಮೇಲೆ. ಬೀದಿಯವರೆಲ್ಲ ಎರಡನೇ ಡಿಸ್ಕನ್ನು ಮೊದಲು ನೋಡಿದ್ದೆವು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮದು. ಜಡ್ಜಮ್ಮ ಚೆನ್ನಾಗಿದೆ ಅಂದದ್ದಕ್ಕೆ, ಹೇಗೆ ಬಂತೋ ಹಾಗೆ ನುಂಗಿ ಅರ್ಥವನ್ನೂ ಹಚ್ಚಿದ್ದೆವು. ನನ್ನ ಜೀವನಚಕ್ರ ಅಲ್ಲೇ ಪಂಚರ್ ಆಯಿತು.

ಅವರನ್ನು ಕೂರಿಸಿಯೇ ಎದುರಂಗಡಿಗೆ ಓಡಿದೆ. ಗಿರಾಕಿಗಳು ಡಿಸ್ಕ್ ಅದಲುಬದಲು ಮಾಡುತ್ತಾರೆಂದು ಸೊಸೆ ಪ್ರತಿ ಡಿಸ್ಕ್‌ಗೂ ಒಂದು, ಎರಡು ಅಂತ ದುಂಡನೆಯ ಸ್ಟಿಕರ್ ಅಂಟಿಸುತ್ತಿದ್ದಳು, ಅತ್ತೆ ನೋಡಿ ಮುಗಿಸಿದ ಮೇಲೆ. ನಾನು ವಿಷಯ ಹೇಳಿದಾಗ ಆ ಎರಡೂ ಡಿಸ್ಕನ್ನು ಟಿವಿಗೆ ಹಾಕಿ ನೋಡಿದಳು. ಒಂದು ಅಂತಿದ್ದದ್ದು ಎರಡು, ಎರಡು ಅಂತಿದ್ದದ್ದು ಒಂದು. ಅವಳ ಮುಖ ಪೆಚ್ಚಾಯಿತು.

ಯಾರಿಗೂ ಹೇಳಬೇಡ, ಸುಮ್ಮನೆ ಸ್ಟಿಕರ್ ಬದಲಾಯಿಸಿಬಿಡು ಅಂತ ಬುದ್ಧಿ ಹೇಳಿದೆ. ಅಂಗಡಿಯ ಮಾನ ಉಳಿಯುತ್ತದೆ ಅಂತಲೂ ಸೇರಿಸಿದೆ. ನನ್ನ ಮಾನದ ವಿಷಯ ಎತ್ತಲಿಲ್ಲ.

ಅವಳು ಆಗುವುದಿಲ್ಲವೆಂದು ತಲೆಯಾಡಿಸಿದಳು. "ತಮಗೆ ಅರಳುಮರಳು ಅಂತ ಅತ್ತೆ ಅಂದ್ಕೊಂಡಿದ್ದಾರೆ. ನನ್ನ ತಪ್ಪಿಗೆ ಅವರ್ಯಾಕೆ ಮುದುಕಿ ಆಗ್ಬೇಕು?"

ಅಂದು ಸಂಜೆ ಕೌಂಟರಿನ ಮುಂದೆ ಮೇಷ್ಟ್ರು, ಗುಮಾಸ್ತ, ನರ್ಸು ಎಲ್ಲ ಸೇರಿದ್ದಾಗ ಅವಳು ಅತ್ತೆಯನ್ನು ಕರೆದು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಸ್ಟಿಕರ್ ತಪ್ಪು ಅಂಟಿಸಿದ್ದು ತಾನು, ಇಡೀ ಬೀದಿಯಲ್ಲಿ ಸಿನಿಮಾವನ್ನು ಸರಿಯಾಗಿ ನೋಡಿದವರು ಅತ್ತೆ ಒಬ್ಬರೇ ಅಂತ, ಅವರ ಕಿವಿಗೂ ಬೀಳುವಷ್ಟು ಜೋರಾಗಿ ಹೇಳಿದಳು. ಅಷ್ಟು ಜೋರು ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. ಜಡ್ಜಮ್ಮ ಸೊಸೆಯನ್ನೇ ನೋಡುತ್ತಾ ನಿಂತರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ತಮಗೆ ಮೊದಲೇ ಅನುಮಾನವಿತ್ತು ಅಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಎಲ್ಲರೂ ಮತ್ತೆ ನೋಡಿದರು. ಅರ್ಧ ಬೀದಿ ನಕ್ಕಿತು, ಇನ್ನರ್ಧಕ್ಕೆ ಈಗಲೂ ಹಿಡಿಸಲಿಲ್ಲ. ಹಿಂದುಮುಂದಾಗಿದ್ದಾಗಲೇ ಆಳವಿತ್ತು ಅಂತ ಮೇಷ್ಟ್ರು ಇವತ್ತಿಗೂ ವಾದಿಸುತ್ತಾರೆ. ಖಾಸಗಿಯಾಗಿ ನನಗೂ ಹಾಗೇ ಅನ್ನಿಸುತ್ತದೆ.

ಮುಂದಿನ ವಾರ ಹೊಸ ಡಿಸ್ಕ್ ಬಂದಾಗ ಜಡ್ಜಮ್ಮ ಕೈಚಾಚಿ ಇಸಿದುಕೊಂಡು ಹೊದಿಕೆ ಹರಿದರು. ಕುರ್ಚಿಯಲ್ಲಿ ಕೂತು, ಅಭ್ಯಾಸದಂತೆ ಎರಡನೆಯದರ ಮೇಲೆ ಕಾಲಿಟ್ಟರು. ಆಮೇಲೆ ಏನನ್ನಿಸಿತೋ, ಕಾಲು ಕೆಳಗಿಳಿಸಿ ಕುರ್ಚಿಯನ್ನು ಸೆರಗಿನಿಂದ ಒರೆಸಿದರು. "ಬಾ, ನೀನೂ ಕೂತು ನೋಡು. ಸ್ಟಿಕರ್ ಆಮೇಲೆ ಅಂಟಿಸುವಿಯಂತೆ," ಅಂದರು.

ಸೊಸೆ ಅಂಗಡಿಯ ಬಾಗಿಲು ಅರ್ಧ ಎಳೆದು ಹೋಗಿ ಕೂತಳು. ಬೆಳಗಿನಿಂದ ರಾತ್ರಿಯವರೆಗೆ ಊರಿಗೆಲ್ಲ ಸಿನಿಮಾ ಹಂಚುವ ಹೆಂಗಸು, ಶುರುವಿನ ಹೆಸರುಗಳು ಬಂದು ಮುಗಿಯುವುದರೊಳಗೆ ನಿದ್ದೆ ಹೋದಳು. ತಲೆ ಅತ್ತೆಯ ಭುಜಕ್ಕೆ ವಾಲಿತ್ತು. ನನ್ನ ಕೌಂಟರಿನಿಂದ ಅದು ಚೆನ್ನಾಗಿ ಕಾಣುತ್ತಿತ್ತು, ಕಣ್ಣು ತೆಗೆಯಲು ನನಗೆ ಮನಸ್ಸಾಗಲಿಲ್ಲ.

ಜಡ್ಜಮ್ಮ ಮೆಲ್ಲಗೆ ರಿಮೋಟ್ ಎತ್ತಿಕೊಂಡು ಟಿವಿಯ ಸದ್ದನ್ನು ಪೂರ್ತಿ ಇಳಿಸಿದರು. ಮೊದಲೇ ಮಂದ ಕಿವಿ. ಆ ಸಿನಿಮಾದ ಒಂದು ಮಾತೂ ಕೇಳಿಸಿಕೊಳ್ಳದೆ, ಭುಜ ಅಲುಗಿಸದೆ, ಕೊನೆಯವರೆಗೂ ಕೂತರು. ಮಾರನೆಯ ದಿನ ಗುಮಾಸ್ತ ಬಂದು, ಹೇಗಿತ್ತು ಅಂತ ತೀರ್ಪು ಕೇಳಿದ.

"ಚೆನ್ನಾಗಿತ್ತು," ಅಂದರು.