ಪರದೆಯ ಮೇಲಿನ ಗುಡ್ಡಾಪುರ

ಜತ್ತದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆಯ ವಿಡಿಯೋ ಹೊಟ್ಟೆಪಾಡಿಗೆ, ಭಕ್ತಿಗೀತೆಗಳ ಚಿತ್ರೀಕರಣ ನನ್ನ ಹುಚ್ಚಿಗೆ. ಬಿಳಿ ಪರದೆಯ ಹಿಂದಿನಿಂದ ಪ್ರೊಜೆಕ್ಟರ್ ಹಚ್ಚಿದರೆ ಬೆಟ್ಟವೋ ಸಮುದ್ರವೋ ಬೇಕಾದದ್ದು ಮೂಡುತ್ತದೆ. ಅದರ ಮುಂದೆ ಜನರನ್ನು ನಿಲ್ಲಿಸಿದರೆ ಮುಗಿಯಿತು, ಬಿಸಿಲಲ್ಲಿ ಅಲೆಯುವ ತಾಪತ್ರಯವಿಲ್ಲ.

ಒಮ್ಮೆ ಗುಡ್ಡಾಪುರದ ದೇವಿ ದಾನಮ್ಮನ ಹಾಡಿಗೆ, ಗುಡಿಯ ಅಂಗಳದಲ್ಲಿ ಕುಳಿತ ಮುದುಕಿಯೊಬ್ಬಳು ಬೇಕಾಗಿದ್ದಳು. ಬಿಳೂರಿನ ನಮ್ಮ ದೊಡ್ಡವ್ವನ ನೆನಪಾಯಿತು. ಮೊಣಕಾಲು ನೋವಿನಿಂದ ಆಕೆ ಗುಡ್ಡಾಪುರಕ್ಕೆ ಹೋಗದೆ ವರ್ಷಗಳಾಗಿದ್ದವು. ಗಾಡಿಯಲ್ಲಿ ಕರೆದುಕೊಂಡು ಹೋಗು ಎಂದು ಎಷ್ಟೋ ಸಲ ಕೇಳಿದ್ದಳು. ನಾನು ಇವತ್ತು ನಾಳೆ ಎಂದು ಸಾಗಹಾಕಿದ್ದೆ. "ದೊಡ್ಡವ್ವ, ಗುಡ್ಡಾಪುರದ್ದು ಶೂಟಿಂಗ್ ಐತಿ, ನಾಳೆ ತಯಾರಾಗು" ಎಂದು ಫೋನ್ ಮಾಡಿದೆ. ಆಕೆಯ ಕಿವಿಗೆ ಬಿದ್ದದ್ದು ಗುಡ್ಡಾಪುರ ಅಷ್ಟೇ.

ಮರುದಿನ ಉಪವಾಸವಿದ್ದು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಗಾಡಿ ಹತ್ತಿದಳು. ಸ್ಟುಡಿಯೋದ ಮುಂದೆ ಇಳಿಸಿ ವಿಷಯ ಹೇಳಿದಾಗ ಮುಖ ಸಪ್ಪಗಾಯಿತು. ಆದರೂ ಪರದೆಯ ಮೇಲೆ ಗುಡಿಯ ಅಂಗಳ, ತೆರೆದ ಬಾಗಿಲಲ್ಲಿ ದಾನಮ್ಮನ ಮೂರ್ತಿ ಕಂಡದ್ದೇ ತಡ, ಚಪ್ಪಲಿ ಬಿಟ್ಟು ಕೈಮುಗಿದಳು.

ಕ್ಯಾಮೆರಾದ ಕಡೆ ಮುಖ ಮಾಡಿ ಕೂಡ್ರಿಸಿದರೆ ಮತ್ತೆ ಮತ್ತೆ ತಿರುಗಿ ಪರದೆಯತ್ತ ಸರಿಯುತ್ತಿದ್ದಳು. ಆಕೆ ಸರಿದರೆ ಆಕೆಯ ಮೇಲೆ ಬಿಟ್ಟ ಲೈಟು ಪರದೆಗೂ ಬಿದ್ದು ಗುಡಿ ಮಸುಕಾಗುತ್ತಿತ್ತು.

"ಈ ಕಡಿ ನೋಡಬೇ!"

"ದಾನಮ್ಮಗ ಬೆನ್ನ ಮಾಡಿ ಹ್ಯಾಂಗ ಕುಂದರ್ಲೋ, ತಮ್ಮಾ?"

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಪ್ರೊಜೆಕ್ಟರ್ ಆರಿಸಿಬಿಟ್ಟೆ. "ನೋಡು, ಎಲ್ಲಿ ಅದಾಳ ನಿನ್ನ ದಾನಮ್ಮ? ಬರೇ ಅರಿವಿ ಐತಿ!"

ಆಕೆ ಆ ಬಿಳಿ ಬಟ್ಟೆಯನ್ನೇ ನೋಡುತ್ತ ನಿಂತಳು. ಮತ್ತೆ ಹಚ್ಚಿದಾಗ ಹೇಳಿದ ಹಾಗೆ ಬೆನ್ನು ಮಾಡಿ ಕುಳಿತಳು. ಕಣ್ಣಿಂದ ದಳದಳ ನೀರು ಇಳಿಯಿತು. ಥೂ ನನ್ನ ಜನ್ಮಕ್ಕೆ! "ಭಾಳ ಚಲೋ ಬಂತು" ಎಂದು ಕುಣಿದಾಡಿದೆ ನಾನು. ಹಾಡು ನೋಡಿದವರೆಲ್ಲ, ಭಕ್ತಿ ಅಂದರೆ ಇದು ನೋಡು ಎಂದು ಆ ಕಣ್ಣೀರನ್ನೇ ಹೊಗಳಿದರು. ಅದು ಭಕ್ತಿಯದಲ್ಲ, ನಾನು ತರಿಸಿದ್ದು ಎಂದು ಯಾರಿಗೂ ಹೇಳಲಿಲ್ಲ.

ಕೊನೆಗೆ ತಡೆಯಲಾಗದೆ ಒಂದು ದಿನ ಬಿಳೂರಿಗೆ ಹೋದೆ. "ತಪ್ಪಾತು ದೊಡ್ಡವ್ವ. ನಡಿ, ಖರೇ ಗುಡ್ಡಾಪುರಕ್ಕ ಹೋಗೂಣು."

ಆಕೆ ಚಹಾ ಮಾಡಿಕೊಟ್ಟಳು, ತಲೆ ಸವರಿದಳು. ಗಾಡಿ ಮಾತ್ರ ಹತ್ತಲಿಲ್ಲ.

"ನಿನ್ನ ಮ್ಯಾಲ ಸಿಟ್ಟಿಲ್ಲಪಾ. ಆದ್ರ ದಾನಮ್ಮಗ ಬೆನ್ನ ಮಾಡಿ ಕುಂತಾಕಿ ನಾನು. ಈಗ ಯಾವ ಮಾರಿ ತಗೊಂಡ ಆಕಿ ಮುಂದ ಹೋಗ್ಲಿ?"